ಅಜ್ಜಿಯ ಗೊಜ್ಜಿಗೆ ಕೈಗವಸು

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಇದನ್ನು ನಾಲ್ಕು ಸಲ ನಕಲು ಮಾಡಿದ್ದೇನೆ. ನಿಮ್ಮ ಕೈಯಲ್ಲಿರುವುದು ನಾಲ್ಕನೆಯದು. ಮೊದಲ ಮೂರು ಹೇಗಿದ್ದವು ಎಂದು ನೀವೇ ಊಹಿಸಿ. ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವಳು ನಾನು, ದೊಡ್ಡ ಪದಗಳು ಬರುವುದಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಆದರೆ ನಿಯಮ ಪಾಲಿಸುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರು ಯಾರೂ ಇಲ್ಲ ಎಂದುಕೊಂಡಿದ್ದೆ. ಇಡೀ ಜಯನಗರದಲ್ಲಿ ಸರ್ಕಾರವೇ ಎದ್ದು ನಿಂತು ನಮಸ್ಕಾರ ಮಾಡುವಂಥ ಅಡುಗೆಮನೆ ಒಂದಿದ್ದರೆ ಅದು ನಮ್ಮದೇ ಆಗಬೇಕೆಂದು ಪಣ ತೊಟ್ಟೆ.

ವಿಷಯ ಇಷ್ಟು. ನಮ್ಮಜ್ಜಿ ಅಲಮೇಲು ಮಾಡುವ ಪುಳಿಯೋಗರೆ ಗೊಜ್ಜಿಗೆ ನಮ್ಮ ಬೀದಿಯಲ್ಲಿ ದೊಡ್ಡ ಹೆಸರು. ಹನುಮಂತನಗರದಲ್ಲಿ ಕಾಂಡಿಮೆಂಟ್ಸ್ ಅಂಗಡಿ ಇಟ್ಟಿರುವ ಗುಂಡಣ್ಣನವರು ಅದನ್ನು ಯಾರದೋ ಮನೆಯಲ್ಲಿ ತಿಂದು, ವಾರಕ್ಕೆ ಮೂವತ್ತು ಬಾಟಲಿ ಬೇಕೆಂದರು. ಆದರೆ ಸರ್ಕಾರದ ಆಹಾರ ನೋಂದಣಿ ಸಂಖ್ಯೆ ಇರಬೇಕು, ಬಾಟಲಿಯ ಮೇಲೆ ಸರಿಯಾದ ಲೇಬಲ್ ಇರಬೇಕು.

"ಅದೆಲ್ಲ ನಮ್ಮ ಇಂಚರ ನೋಡ್ಕೋತಾಳೆ," ಎಂದುಬಿಟ್ಟರು ಅಜ್ಜಿ.

ನನಗೆ ಅಷ್ಟು ಸಾಕಾಗಿತ್ತು. ಮನೆಗೆ ನೆಂಟರು ಬಂದು "ಮುಂದೇನು ಮಾಡ್ತೀಯಮ್ಮಾ?" ಎಂದು ಕೇಳಿದಾಗಲೆಲ್ಲ ನಾನು ಲೋಟ ತೊಳೆಯುವ ನೆಪದಲ್ಲಿ ಒಳಗೆ ಓಡುತ್ತಿದ್ದೆ. ತೊಳೆದ ಲೋಟವನ್ನೇ ಎಷ್ಟು ಸಲ ತೊಳೆದಿದ್ದೇನೋ. ಗುಂಡಣ್ಣನವರು ಗೊಜ್ಜು ತೆಗೆದುಕೊಂಡರೆ ಆ ಪ್ರಶ್ನೆಗೆ ನನ್ನಲ್ಲೂ ಒಂದು ಉತ್ತರ ಇರುತ್ತಿತ್ತು.

ಆನ್‌ಲೈನಿನಲ್ಲಿ ಅರ್ಜಿ ಹಾಕಿದೆ. ಹದಿನಾಲ್ಕು ಅಂಕಿಗಳ ನೋಂದಣಿ ಸಂಖ್ಯೆ ಬಂತು. ಅಡುಗೆಮನೆ ಹೇಗಿರಬೇಕು ಎಂಬ ನಿಯಮಗಳ ಹಾಳೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ ಫ್ರಿಜ್ಜಿಗೆ ಅಂಟಿಸಿದೆ. ಆಮೇಲೆ ಮೆಡಿಕಲ್ ಸ್ಟೋರಿಗೆ ಹೋಗಿ ತಲೆಗೊಂದು ಟೋಪಿ, ಕೈಗೊಂದು ಜೊತೆ ರಬ್ಬರ್ ಗ್ಲೌಸ್ ತಂದೆ.

ಅಜ್ಜಿ ಗ್ಲೌಸನ್ನು ಇಕ್ಕಳದಲ್ಲಿ ಹಿಡಿದೆತ್ತಿ ನೋಡಿದರು.

"ಇದನ್ನ ಯಾರು ಯಾರು ಮುಟ್ಟಿದಾರೆ?"

"ಮೆಷಿನ್ ಅಜ್ಜಿ. ಮೆಷಿನ್ನಲ್ಲೇ ಮಾಡೋದು."

"ಮೆಷಿನ್ ಸ್ನಾನ ಮಾಡಿತ್ತಾ?"

ಅಜ್ಜಿ ಗೊಜ್ಜು ಮಾಡುವುದು ಮಡಿಯಲ್ಲಿ. ಅದು ಮುಗಿಯುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ಕೊನೆಗೆ ರಾಜಿಯಾಯಿತು. ಗ್ಲೌಸನ್ನು ಅರಿಶಿನದ ನೀರಿನಲ್ಲಿ ಅದ್ದಿ, ಮಡಿ ಸೀರೆಯ ಪಕ್ಕದಲ್ಲೇ ಮೇಲಿನ ಗಳುವಿನ ಮೇಲೆ ಒಣಗಿಸಲಾಯಿತು. ಮರುದಿನ ಬೆಳಿಗ್ಗೆ ಅಜ್ಜಿ ಕಚ್ಚೆ ಸೀರೆ, ಪ್ಲಾಸ್ಟಿಕ್ ಟೋಪಿ, ಹಳದಿ ಬಣ್ಣಕ್ಕೆ ತಿರುಗಿದ ಗ್ಲೌಸಿನಲ್ಲಿ ಒಲೆಯ ಮುಂದೆ ನಿಂತರು. ಅಪ್ಪ ಬಾಗಿಲಲ್ಲಿ ಇಣುಕಿ, "ಆಪರೇಷನ್ ಯಾರಿಗಮ್ಮ?" ಎಂದು ಕೇಳಿ ಬೈಸಿಕೊಂಡು ಹೋದರು.

ನನ್ನದು ಹೊಸ್ತಿಲಾಚೆಯ ಕೆಲಸ. ಲೇಬಲ್ಲಿನಲ್ಲಿ ಯಾವುದು ತೂಕದಲ್ಲಿ ಹೆಚ್ಚೋ ಅದನ್ನು ಮೊದಲು ಬರೆಯಬೇಕು. ಆದರೆ ಅಜ್ಜಿ ಈ ಜನ್ಮದಲ್ಲಿ ಏನನ್ನೂ ತೂಗಿದವರಲ್ಲ.

"ಅಜ್ಜಿ, ಉಪ್ಪು ಎಷ್ಟು?"

"ಆರು ಹಿಡಿ."

"ಒಂದು ಹಿಡಿ ಅಂದ್ರೆ ಎಷ್ಟು ಗ್ರಾಂ?"

"ನನ್ನ ಕೈ ಎಷ್ಟೋ ಅಷ್ಟು."

ಹಾಗಾಗಿ ಉಪ್ಪಿನ ಡಬ್ಬವನ್ನೇ ಮೊದಲೊಮ್ಮೆ, ಆಮೇಲೊಮ್ಮೆ ತಕ್ಕಡಿಯ ಮೇಲೆ ಇಡಿಸಿ, ದೂರದಿಂದಲೇ ಅಂಕಿ ಓದಿ ಬರೆದುಕೊಂಡೆ. ಅಜ್ಜಿ ಹಿಡಿ ಹಿಡಿಯಾಗಿ ಹಾಕತೊಡಗಿದರು. ನಡುವೆ ನಿಂತು ಗ್ಲೌಸನ್ನೇ ನೋಡಿದರು.

"ಕೈಗೆ ಏನೂ ಗೊತ್ತಾಗ್ತಾ ಇಲ್ಲ ಕಣೇ. ಹಿಡಿ ತುಂಬಿತ್ತೋ ಇಲ್ವೋ?"

"ಅನುಮಾನ ಇದ್ರೆ ಇನ್ನೊಂದು ಹಾಕು ಅಜ್ಜಿ. ತೂಕ ನಾನು ಬರ್ಕೋತೀನಿ."

ಅಜ್ಜಿಗೆ ಪ್ರತಿ ಹಿಡಿಗೂ ಅನುಮಾನ ಬಂತು.

ರುಚಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು ಎಂದು ನೀವು ಹೇಳಬಹುದು. ಆದರೆ ಪೆರುಮಾಳಿಗೆ ತೋರಿಸುವ ತನಕ, ಅಂದರೆ ದೇವರಿಗೆ ನೈವೇದ್ಯ ಆಗುವ ತನಕ, ಯಾರೂ ಬಾಯಿಗಿಡುವಂತಿಲ್ಲ; ಅದು ಅಜ್ಜಿಯ ನಿಯಮ. ತೋರಿಸಿದ ಮೇಲೆ ಅಪ್ಪ ವಾಡಿಕೆಯಂತೆ ಚಮಚ ಹಿಡಿದು ಬಂದರು. ಪಾತ್ರೆಗೆ ಎಂಜಲು ಕೈ ಸೋಕಬಾರದು, ಬಿಸಿ ಆರಿದ ಕೂಡಲೇ ಬಾಟಲಿಗೆ ತುಂಬಿ ಮುಚ್ಚಳ ಬಿಗಿಯಬೇಕು ಎಂದು ಅವರನ್ನು ಹೊರಗೆ ಕಳಿಸಿದೆ. ಇದು ನನ್ನ ನಿಯಮ. ಹೀಗೆ ಆ ಗೊಜ್ಜಿನ ರುಚಿ ಕಂಡವನು ದೇವರೊಬ್ಬನೇ. ಅವನು ಏನೂ ಹೇಳಲಿಲ್ಲ.

ಮೂವತ್ತು ಬಾಟಲಿಗಳ ರಟ್ಟಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ಹೋದೆ. ಹಂಪ್ ಬಂದಾಗಲೆಲ್ಲ ಬಾಟಲಿಗಳಿಗೆ ಬದಲು ನನ್ನ ಹಲ್ಲು ಕಟಕಟ ಎಂದವು. ಗುಂಡಣ್ಣನವರು ಊಟದ ಡಬ್ಬಿ ಬಿಚ್ಚಿ ಕುಳಿತಿದ್ದರು. ಒಂದು ಬಾಟಲಿ ತೆರೆದು, ಅನ್ನಕ್ಕೆ ಕಲಸಿ, ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದನ್ನು ನಿಲ್ಲಿಸಿದರು. ನೀರಿನ ಬಾಟಲಿ ಎತ್ತಿದವರು ಅದು ಖಾಲಿಯಾಗುವ ತನಕ ಇಳಿಸಲಿಲ್ಲ.

"ಏನಮ್ಮ ಇದು, ಸಮುದ್ರಾನೇ ಹಿಡ್ಕೊಂಡು ಬಂದ್ಬಿಟ್ಟಿದೀಯ?"

ಅವರು ಕನ್ನಡಕ ಏರಿಸಿ ಲೇಬಲ್ ಓದಿದರು. "ಹುಣಸೆಹಣ್ಣು, ಉಪ್ಪು, ಬೆಲ್ಲ, ಎಳ್ಳೆಣ್ಣೆ... ಬೆಲ್ಲಕ್ಕಿಂತ ಉಪ್ಪು ಜಾಸ್ತಿ ಅಂತ ನೀನೇ ಹಾಕಿದೀಯಲ್ಲ."

"ಹೌದು ಸಾರ್. ಒಂದು ಕೆಜಿ ಇನ್ನೂರು ಗ್ರಾಂ. ತೂಗಿ ಬರೆದಿದ್ದೀನಿ."

"ಮೂವತ್ತು ವರ್ಷದಿಂದ ಅಂಗಡಿ ನಡೆಸ್ತಾ ಇದೀನಿ. ಇಷ್ಟು ನಿಜ ಹೇಳೋ ಲೇಬಲ್ ಇದೇ ಮೊದಲು ನೋಡಿದ್ದು." ಅವರು ನಕ್ಕರೋ, ಉಪ್ಪಿಗೆ ಮುಖ ಹಿಂಡಿದರೋ ತಿಳಿಯಲಿಲ್ಲ. "ವಾಪಸ್ ತಗೊಂಡ್ಹೋಗು ಪುಟ್ಟಿ. ಲೇಬಲ್ ಹಿಂಗೇ ಇರ್ಲಿ, ಗೊಜ್ಜು ಬದಲಾಯಿಸು. ಶುಕ್ರವಾರದೊಳಗೆ ಬಂದ್ರೆ ಸರಿ, ಇಲ್ಲಾಂದ್ರೆ ಆ ಜಾಗಕ್ಕೆ ಬೇರೆಯವರದ್ದು ಇಟ್ಕೋತೀನಿ."

ಮನೆಯಲ್ಲಿ ಅಪ್ಪ ಬಾಟಲಿಗಳನ್ನು ಎಣಿಸಿ, "ದೀಪಾವಳಿ ತನಕ ಮನೆಗೆ ಉಪ್ಪು ತರೋ ಹಾಗಿಲ್ಲ," ಎಂದರು. ನಾನು ಅಜ್ಜಿಯ ಮುಂದೆ ತಲೆ ತಗ್ಗಿಸಿ ನಿಂತೆ.

"ನಾನೇನು ಮಾಡ್ಲಿ ಅಜ್ಜಿ, ರೂಲ್ಸ್ ಹಾಗಿದೆ. ಬರಿಗೈಯಲ್ಲಿ ಮುಟ್ಟೋ ಹಾಗಿಲ್ಲ."

"ಹೌದಾ? ಆ ಹಾಳೆ ತಗೊಂಡ್ಬಾ. ಗ್ಲೌಸ್ ಅಂತ ಎಲ್ಲಿದೆ ಓದು."

ಫ್ರಿಜ್ಜಿನಿಂದ ಹಾಳೆ ಬಿಡಿಸಿ ತಂದೆ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ, ಮೂರು ಸಲ ಓದಿದೆ. ಗ್ಲೌಸ್ ಎಲ್ಲೂ ಇರಲಿಲ್ಲ. ಅದನ್ನು ನಾನು ಯಾವುದೋ ಫ್ಯಾಕ್ಟರಿಯ ವಿಡಿಯೋದಲ್ಲಿ ನೋಡಿದ್ದೆ.

"ಓದೇ, ಏನಿದೆ?"

"ಉಗುರು ಕತ್ತರಿಸಿರಬೇಕು... ಸೋಪಿನಲ್ಲಿ ಚೆನ್ನಾಗಿ ಕೈ ತೊಳೆದಿರಬೇಕು."

ಅಜ್ಜಿ ಎರಡೂ ಕೈಗಳನ್ನು ನನ್ನ ಮುಖದ ಮುಂದೆ ಚಾಚಿದರು.

"ಅಂದ್ರೆ ಸರ್ಕಾರಕ್ಕೆ ಈ ಕೈ ಮೇಲೆ ನಂಬಿಕೆ ಇದೆ. ಮೊಮ್ಮಗಳಿಗೇ ಇಲ್ಲ."

ನಾಳೆ ಬೆಳಿಗ್ಗೆ ಆರಕ್ಕೆ ಅಜ್ಜಿಯ ಬರಿಗೈಯ ಒಂದು ಹಿಡಿ ಉಪ್ಪು ಎಷ್ಟು ಗ್ರಾಂ ಎಂದು ತೂಗಿ ಬರೆದುಕೊಳ್ಳುತ್ತೇನೆ. ಪೆರುಮಾಳಿಗೆ ತೋರಿಸಿದ ಮೇಲೆ ಬೇರೆ ತಟ್ಟೆಗೆ ಒಂದು ಚಮಚ ಹಾಕಿಕೊಂಡು ತಿಂದು ನೋಡಿ, ಆಮೇಲೆ ಮುಚ್ಚಳ ಹಾಕುತ್ತೇನೆ.