ಒಲೆಯ ಕೆಳಗಿನ ಹೊಳೆ

ದೇಶದ ನೀರನ್ನು ಹೇಗೆ ಉಳಿಸಬೇಕು, ಹೇಗೆ ಹಂಚಿಕೊಳ್ಳಬೇಕು ಎಂಬ ಯೋಜನೆ ದಿಲ್ಲಿಯಲ್ಲಿ ಹುಟ್ಟುತ್ತದೆ, ಬೆಂಗಳೂರಿನಲ್ಲಿ ಬೆಳೆಯುತ್ತದೆ, ಕೊನೆಗೆ ಬೆಳಗಾವಿಗೆ ಬಂದು ನನ್ನ ಬೈಕಿನ ಹಿಂದಿನ ಸೀಟಿನ ಮೇಲೆ ಕೂರುತ್ತದೆ. ಅದನ್ನು ಕೂರಿಸಿಕೊಂಡು ಊರೂರು ತಿರುಗುವುದೇ ನನ್ನ ನೌಕರಿ. ಮೇಲಿನಿಂದ ಇಳಿಯುವಾಗ ಯೋಜನೆ ಬಹಳ ಗಂಭೀರವಾಗಿರುತ್ತದೆ. ನಮ್ಮಂಥವರ ಕೈಗೆ ಸಿಕ್ಕ ಮೇಲೆ ಅದರ ಗತಿ ಏನಾಗುತ್ತದೆ ಎನ್ನುವುದಕ್ಕೆ ನಾನೇ ಸಾಕ್ಷಿ.

೧. ಕಾಳಜಿಯುಳ್ಳ ಒಬ್ಬ

ಬೆಂಗಳೂರಿನಿಂದ ದೊಡ್ಡ ಸಾಹೇಬರು ಬಂದಿದ್ದರು. ನಮ್ಮನ್ನೆಲ್ಲ ಸಭೆಗೆ ಕೂರಿಸಿ, ಒಂದು ನದಿ ಅಂದರೆ ಒಂದು ಮನೆತನ ಇದ್ದಂತೆ, ಮೇಲಿನವರು ಕೆಳಗಿನವರನ್ನು ನೆನೆದು ನೀರು ಬಳಸಬೇಕು ಎಂದು ಚೆನ್ನಾಗಿಯೇ ವಿವರಿಸುತ್ತಿದ್ದರು. ಅಷ್ಟರಲ್ಲಿ ನನ್ನ ಫೋನು ಗುಂಯ್ ಎಂದಿತು. ಹೆಂಡತಿ.

"ನೀರ ಬಿಟ್ಟಾರ! ಮೋಟರ್ ಚಾಲೂ ಆಗವಲ್ದು, ಲಗೂನ ಬರ್ರಿ!"

ನಮ್ಮ ಮಹಾಂತೇಶ ನಗರದಲ್ಲಿ ನೀರು ಬಿಡುವುದು ಯಾವಾಗ ಎಂದು ಪಂಚಾಂಗದಲ್ಲೂ ಬರೆದಿರುವುದಿಲ್ಲ. ಹೊಟ್ಟೆ ಹಿಡಿದುಕೊಂಡು ಎದ್ದೆ. ಏಳುವಾಗ ಬಾಜೂಕಿನವನ ಕಿವಿಯಲ್ಲಿ ವಿಷಯ ಹಾಕಿದೆ, ಅವನ ಮನೆಯೂ ಅಲ್ಲೇ. ಅವನಿಂದ ಇನ್ನೊಬ್ಬನಿಗೆ ಹೋಯಿತು. ಒಬ್ಬನಿಗೆ ಜ್ವರ ಬಂತು, ಒಬ್ಬನ ಮಾವ ಆಸ್ಪತ್ರೆ ಸೇರಿದರು. ಸಾಹೇಬರು ಚಿತ್ರ ತೋರಿಸುತ್ತಿದ್ದ ಪರದೆಯಿಂದ ಮುಖ ತಿರುಗಿಸಿ ನೋಡಿದಾಗ ಕುರ್ಚಿಗಳೆಲ್ಲ ಖಾಲಿ, ಹಿಂದೆ ಒಬ್ಬ ಗುಮಾಸ್ತ ಮಾತ್ರ ಕೂತಿದ್ದನಂತೆ.

ಸಾಹೇಬರು ಹಿಂದಿನ ಸಾಲಿಗೇ ಬಂದು ಅವನ ಕೈ ಕುಲುಕಿದರಂತೆ. "ಈ ಊರಲ್ಲಿ ನೀರಿನ ಬಗ್ಗೆ ಕಾಳಜಿ ಇರೋದು ನಿಮಗೊಬ್ಬರಿಗೇ ಕಣ್ರೀ."

"ಹಂಗೇನಿಲ್ರಿ ಸರ್," ಎಂದನಂತೆ ಅವನು. "ನಮ್ಮನಿ ಶಹಾಪುರದಾಗೈತ್ರಿ. ನಮ್ಮ ಕಡೆ ನೀರ ನಾಳಿಗಿ ಬಿಡ್ತಾರ."

೨. ಹಳೇ ನೀರು

ಅದೇ ದಿನ ಓಡೋಡಿ ಮನೆಗೆ ಬಂದರೆ ನಮ್ಮವ್ವ ತುಂಬಿದ ಕೊಡಗಳನ್ನು ಒಂದೊಂದಾಗಿ ಗಟಾರಕ್ಕೆ ಬರಿದು ಮಾಡುತ್ತಿದ್ದಳು. ನಳದಲ್ಲಿ ಹೊಸ ನೀರು ಬಂದರೆ ಮನೆಯಲ್ಲಿದ್ದದ್ದು ಹಳೇ ನೀರು, ಹಳೇ ನೀರು ಕುಡಿಯಬಾರದು. ಇದು ನಮ್ಮ ಓಣಿಯ ಶಾಸ್ತ್ರ. ಬೆಳಿಗ್ಗೆಯಿಂದ ನೀರು ಉಳಿಸುವ ಭಾಷಣ ಕೇಳಿ ಬಂದವನಿಗೆ ಹೊಟ್ಟೆ ಉರಿಯಿತು.

"ಅವ್ವಾ, ಏನ್ ಮಾಡಾಕತ್ತಿ? ಚಲೋ ನೀರು ಅದು!"

"ಹಳೇದಪ್ಪಾ. ಹೊಸಾದು ಬಂದೈತಲ್ಲ."

"ಯಾವ ಹೊಸಾದು? ನಳದಾಗ ಬರೂದು ಡ್ಯಾಮಿನ ನೀರು. ಹ್ವಾದ ಮಳಿಗಾಲದಿಂದ ಅಲ್ಲೇ ನಿಂತೈತಿ. ನಿನ್ನ ಕೊಡದಾಗಿಂದು ಅದರ ತಮ್ಮ."

ಅವ್ವ ಕೊಡ ಕೆಳಗಿಟ್ಟಳು. ನಳದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ನನ್ನ ಇಷ್ಟು ವರ್ಷದ ನೌಕರಿ ಇವತ್ತು ಸಾರ್ಥಕವಾಯಿತು ಎಂದುಕೊಂಡೆ.

"ಹಂಗಾದ್ರ," ಎಂದಳು ಅವ್ವ, "ಇವತ್ತ ಬಂದದ್ದನ್ನೂ ಚೆಲ್ಲಲೇನು?"

೩. ತೊಯ್ಯದ ಮಾಪಕ

ಖಾನಾಪುರ ತಾಲೂಕಿನ ಒಂದು ಹಳ್ಳಿ ನನ್ನ ಪಾಲಿಗೆ ಬಂದಿತ್ತು. ಮಳೆಗಾಲದಲ್ಲಿ ಆಕಾಶವೇ ಹರಿದು ಬೀಳುತ್ತದೆ, ಬೇಸಿಗೆಯಲ್ಲಿ ಇಡೀ ಓಣಿಗೆ ಕುಡಿಯಲು ಉಳಿಯುವುದು ಒಂದೇ ಬಾವಿ. ಆ ಬಾವಿ ಬತ್ತದಂತೆ ಯೋಜನೆ ಮಾಡಬೇಕಿತ್ತು. ಮೊದಲು ಎಷ್ಟು ಮಳೆ ಬೀಳುತ್ತದೆ ಎಂದು ತಿಳಿಯಬೇಕಲ್ಲ, ಬಾವಿಯ ಪಕ್ಕದ ಮನೆಯಲ್ಲಿದ್ದ, ಊರೆಲ್ಲ ಕಾಕಾ ಎಂದು ಕರೆಯುವ ಹಿರಿಯನ ಅಂಗಳದಲ್ಲಿ ಮಳೆ ಅಳೆಯುವ ಮಾಪಕ ಇಟ್ಟು ಬಂದೆ. "ಸರಕಾರದ ಸಾಮಾನು, ಜೋಪಾನ," ಎಂದೆ. ಆ ಮಾತು ಆಡಬಾರದಿತ್ತು.

ವಾರವಿಡೀ ಮಳೆ ಹೊಡೆಯಿತು. ಹಳ್ಳ ತುಂಬಿ, ಬೈಕು ಆಚೆ ದಂಡೆಯಲ್ಲೇ ಬಿಟ್ಟು, ಚಡ್ಡಿಯವರೆಗೆ ತೊಯ್ದು ಕಾಕಾನ ಮನೆ ಮುಟ್ಟಿದೆ. ಮಾಪಕದ ಮೇಲೆ ಪ್ಲಾಸ್ಟಿಕ್ಕಿನ ತಾಡಪತ್ರಿ ಹೊದಿಸಿ, ಹಗ್ಗದಿಂದ ಬಿಗಿದು, ಮೇಲೊಂದು ಕಲ್ಲು ಹೇರಲಾಗಿತ್ತು.

"ಕಾಕಾ, ಇದೇನ್ರಿ?"

ಕಾಕಾ ಹಗ್ಗ ಬಿಚ್ಚಿ, ತಾಡಪತ್ರಿ ಸರಿಸಿ, ಹೆಮ್ಮೆಯಿಂದ ಎದೆ ಉಬ್ಬಿಸಿದ. "ಮನಿ ಸೋರಿದ್ರ ಸೋರ್ಲಿ ಅಂತ ಇದ್ದೊಂದ ತಾಡಪತ್ರಿ ಇದಕ್ಕ ಹಾಕೇನ್ರಿ ಸಾಹೇಬ್ರ. ಬೇಕಾರ ಕೈ ಹಾಕಿ ನೋಡ್ರಿ, ಒಂದ ಹನಿ ಒಳಗ ಹೋಗಿಲ್ಲ!"

೪. ತೆಂಗಿನಕಾಯಿ ನಿಂತ ಜಾಗ

ಬೇಸಿಗೆ ಬಂತು. ಬಾವಿಯ ನೀರು ದಿನಾ ಇಳಿಯುತ್ತಿತ್ತು. ಆಗಲೇ ಕಾಕಾನ ತಲೆಗೆ ಬೋರು ಹೊಡೆಸುವ ಹುಚ್ಚು ಹತ್ತಿತು. ಬಾವಿಯ ಬಾಜೂಕೇ ಅವನ ಕಬ್ಬು. ಅಲ್ಲಿ ಬೋರು ಬಿದ್ದರೆ ಬಾವಿ ಹೋದಂತೆಯೇ, ಓಣಿಯ ಹೆಂಗಸರು ಕೊಡ ಹೊತ್ತು ದೂರದ ಹಳ್ಳಕ್ಕೆ ಅಲೆಯಬೇಕು. ಭೂಮಿಯ ಒಳಗಿನ ನೀರು ಎಲ್ಲರದೂ ಒಂದೇ, ಮೇಲೆ ಬೇಲಿ ಇದ್ದರೂ ಕೆಳಗೆ ಬೇಲಿ ಇಲ್ಲ ಎಂದು ಕಾಕಾನ ಕಟ್ಟೆಯ ಮೇಲೆ ಕೂತು ಗಂಟಲು ಹರಿದುಕೊಂಡೆ.

"ನೀವು ಹೇಳೂದು ಬರೋಬ್ಬರಿ ಐತ್ರಿ," ಎಂದ ಕಾಕಾ. "ಬ್ಯಾರೆ ಊರಿಗೆ ಭಾಳ ಚಲೋ ಆಗ್ತೈತಿ. ನಾಳಿಗಿ ನೀರು ನೋಡಾವ್ರು ಬರ್ತಾರ. ಅವರ ಕಾಯಿ ಎಲ್ಲಿ ನಿಂದರತೈತಿ, ಅಲ್ಲೇ ಬೋರ್."

ನನಗೆ ನಿಜಕ್ಕೂ ಸಂಕಟವಾಯಿತು. ನೀರು ನೋಡುವವನು ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ನಡೆಯುತ್ತಾನೆ. ಕೆಳಗೆ ನೀರಿದ್ದರೆ ಕಾಯಿ ಎದ್ದು ನಿಲ್ಲುತ್ತದಂತೆ. ಅದರ ಎದುರು ನನ್ನ ನಕ್ಷೆಗಳನ್ನು ಯಾರು ಕೇಳುತ್ತಾರೆ?

ಮರುದಿನ ಆ ಮನುಷ್ಯ ಬಂದ. ಇಡೀ ಓಣಿ ಹಿಂದೆ ಬಿತ್ತು, ನಾನೂ ಬಿದ್ದೆ. ಕಬ್ಬಿನ ಹೊಲವೆಲ್ಲ ಸುತ್ತಿದ. ಕಾಯಿ ಮಲಗಿಯೇ ಇತ್ತು. ಬಾವಿಯ ಪಕ್ಕ ಬಂದಾಗ ನಾನು ಜನರನ್ನು ಸರಿಸಿ ಮುಂದೆ ಹೋದೆ. ಅಲ್ಲೂ ಕಾಯಿಗೆ ಗಾಢ ನಿದ್ದೆ. ಅವನು ಅಂಗಳ ದಾಟಿದ, ಪಡಸಾಲೆ ದಾಟಿದ, ಚಪ್ಪಲಿ ಕಳಚಿ ಅಡುಗೆಮನೆಗೇ ನುಗ್ಗಿದ. ಒಲೆಯ ಮುಂದೆ ಕಾಯಿ ಟಕ್ಕನೆ ಎದ್ದು ನಿಂತಿತು.

"ಹೊಳಿ ಐತ್ರಿ ಕೆಳಗ, ಹೊಳಿ!" ಎಂದು ಕೂಗಿದ.

ಒಲೆಯ ಮೇಲೆ ರೊಟ್ಟಿ ಬಡಿದು ಹಾಕುತ್ತಿದ್ದ ಕಾಕಾನ ಹೆಂಡತಿ ಕಾಕು ತಲೆ ಎತ್ತಿದಳು. "ಹೊಡಸ್ರಿ ಬೋರ್. ನಾ ಬ್ಯಾಡ ಅನ್ನೂದಿಲ್ಲ. ಆದ್ರ ರೊಟ್ಟಿ ಎಲ್ಲಿ ಬೇಯಸ್ಲಿ, ನಿಮ್ಮ ತಲಿ ಮ್ಯಾಲೇನು?"

ಕಾಕಾ ಒಲೆ ನೋಡಿದ, ಹೆಂಡತಿಯನ್ನು ನೋಡಿದ. "ಬ್ಯಾರೆ ಕಡೆ ಎಲ್ಲೂ ಇಲ್ಲೇನು?" ಎಂದು ಮೆಲ್ಲಗೆ ಕೇಳಿದ. ನೀರು ನೋಡುವವನು ಇಲ್ಲವೆಂದು ತಲೆಯಾಡಿಸಿದ. ಬೋರಿನ ಲಾರಿಗೆ ಬರಬೇಡ ಎಂದು ಅವತ್ತೇ ಫೋನು ಹೋಯಿತು.

ಹೊರಡುವಾಗ ಕಾಕು ನನಗೆ ಮಜ್ಜಿಗೆ ತಂದುಕೊಟ್ಟಳು. "ನಿನ್ನಿ ನೀವು ಕಟ್ಟಿ ಮ್ಯಾಲ ಹೇಳಿದ್ದು ಒಳಗ ಕುಂತು ಎಲ್ಲಾ ಕೇಳೇನ್ರಿ. ಖರೇ ಐತಿ. ಬಾವಿ ಬತ್ತಿದ್ರ ಕೊಡ ಹೊರಾವ್ರು ನಾವು, ಇವರಲ್ಲ. ಆದ್ರ ನೀರಿಲ್ಲ ಅಂದ್ರ ಇವರು ನಂಬೂದಿಲ್ಲ. ನೀರೈತಿ, ನನ್ನ ಒಲಿ ಕೆಳಗೈತಿ ಅಂದ್ರ ನಂಬ್ತಾರ. ನಂಬಿದ ಮ್ಯಾಲ ನನ್ನ ಒಲಿ ಸರಿಸೂ ಧೈರ್ಯ ಯಾರಿಗೈತ್ರಿ?"

"ಮತ್ತ ಆ ಕಾಯಿ?"

"ಕಾಯಿ ಹಿಡದಾವ ನನ್ನ ತಮ್ಮ," ಎಂದಳು ಕಾಕು.

ಬಾವಿ ಆ ಬೇಸಿಗೆ ದಾಟಿತು. ಗ್ರಾಮಸಭೆಯಲ್ಲಿ ಯೋಜನೆಗೆ ಒಪ್ಪಿಗೆಯೂ ಸಿಕ್ಕಿತು. ಕಾಕಾ ಎದ್ದು ನಿಂತು, "ನನ್ನ ಮನಿ ಕೆಳಗ ಹೊಳಿ ಹರಿತೈತಿ. ಆದ್ರೂ ಊರಿನ ಸಲುವಾಗಿ ಕೈ ಹಚ್ಚಿಲ್ಲ!" ಎಂದು ಸಾರಿದ. ಜನ ಚಪ್ಪಾಳೆ ತಟ್ಟಿದರು. ಇಂಥ ತ್ಯಾಗಕ್ಕೆ ಸನ್ಮಾನ ಮಾಡಲೇಬೇಕು ಎಂದರು. ಶಾಲು ಹೊದಿಸುವ ಪಾಳಿ ನನ್ನದೇ. ನಗು ತಡೆದುಕೊಂಡು ಶಾಲು ಹೊದಿಸಿ, ಪದ್ಧತಿಯಂತೆ ತೆಂಗಿನಕಾಯಿಯನ್ನು ಅವನ ಅಂಗೈ ಮೇಲಿಟ್ಟೆ.

ಕಾಕಾ ಅದನ್ನು ಮೆಲ್ಲಗೆ ಅಡ್ಡ ಮಲಗಿಸಿದ. ಒಂದು ಹೆಜ್ಜೆ ಬಾಗಿಲ ಕಡೆ ಇಟ್ಟ, ಇನ್ನೊಂದು ಹೆಜ್ಜೆ ಇಟ್ಟ. ಬಾಗಿಲ ಆಚೆ ಬಾವಿಯ ದಾರಿ. ಕಾಯಿ ತುಸು ಅಲುಗಾಡಿತು. ಕಾಕಾನ ಕಣ್ಣುಗಳು ಅಗಲವಾದವು.

ಹೆಂಗಸರ ಸಾಲಿನಿಂದ ಕಾಕು ಎದ್ದು ಬಂದು ಕಾಯಿ ಕಸಿದುಕೊಂಡಳು. "ತರ್ರಿ ಇತ್ತಾಗ. ಚಟ್ನಿಗೆ ಬೇಕು."