ಮದುವೆಯಾಗದವಳ ಮೂರೂರಿನ ಸಂಸಾರ

ಮುಖಕ್ಕೆ ಬಣ್ಣ ಹಚ್ಚಿ ಹೊಟ್ಟೆ ಹೊರೆದವರ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ನಾಟಕ ಎಲ್ಲಿ ಮುಗಿಯಿತು, ಸಂಸಾರ ಎಲ್ಲಿ ಶುರುವಾಯಿತು ಅನ್ನುವುದು ನೋಡುವವರಿಗೂ ತಿಳಿಯುವುದಿಲ್ಲ, ಆಡುವವರಿಗೂ ತಿಳಿಯುವುದಿಲ್ಲ. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ರಾಯಚೂರಿನಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಗೆ ನಾನು ಸೇರಿದಾಗ ನನಗೆ ಹತ್ತೊಂಬತ್ತು. ಮದುವೆಯಾಗಿರಲಿಲ್ಲ. ಸಿಕ್ಕಿದ್ದೆಲ್ಲ ಹೆಂಡತಿಯ ಪಾತ್ರಗಳೇ.

ಹೆಣ್ಣಾಗುವ ಪಾಠ

ನನಗಿಂತ ಮೊದಲು ಅಲ್ಲಿ ನಾಯಕಿಯ ಪಾತ್ರ ಮಾಡುತ್ತಿದ್ದವರು ಒಬ್ಬ ಗಂಡಸು. ಎಲ್ಲರೂ ಅವರನ್ನು ಮಾಸ್ತರು ಅನ್ನುತ್ತಿದ್ದರು. ನಾನು ಬಂದ ಮೇಲೆ ಮಾಲೀಕರು ಅವರಿಗೆ ಅತ್ತೆಯ ಪಾತ್ರ ಕೊಟ್ಟು, ನನಗೆ ಕಲಿಸುವ ಕೆಲಸವನ್ನೂ ಅವರಿಗೇ ಹಚ್ಚಿದರು.

"ಒಂದು ತಿಂಗಳು ನೋಡ್ತೀನಿ," ಎಂದರು ಮಾಲೀಕರು. "ಹೆಣ್ಮಕ್ಕಳು ಮೆಚ್ಚಿದ್ರ ಇರು. ಇಲ್ಲಾಂದ್ರ ನಿನ್ನ ಪಾರ್ಟು ಹೊಳ್ಳಿ ಮಾಸ್ತರಿಗೆ."

ನನ್ನನ್ನು ಸಾಕಿದ್ದ ಗುಂಜಹಳ್ಳಿಯ ಸೋದರಮಾವ "ನಾಟಕಕ್ಕ ಹೋದ್ರ ನಮ್ಮ ಹೊಸ್ತಿಲ ತುಳೀಬ್ಯಾಡ" ಎಂದು ಹೇಳಿಯೇ ಕಳಿಸಿದ್ದ. ಹಿಂದಕ್ಕೆ ಹೋಗಲು ದಾರಿ ಇರಲಿಲ್ಲ.

ಮಾಸ್ತರು ಅಂಗಳದಲ್ಲಿ ನಿಲ್ಲಿಸಿ, "ನಡಿ" ಎಂದರು. ನಡೆದೆ.

"ಏನಿದು, ಹೊಲಕ್ಕ ಬುತ್ತಿ ಒಯ್ಯಾಕಿಯಂಗ? ಹೆಣ್ಮಕ್ಕಳು ಹಿಂಗ ನಡ್ಯಾಂಗಿಲ್ಲ."

"ಮಾಸ್ತರ್, ನಾ ಹೆಣ್ಮಗಳೇ ಅದೀನಲ್ರೀ?"

"ಅದು ನನಗ ಗೊತ್ತದ. ನೋಡೋರಿಗೆ ಗೊತ್ತಾಗಬೇಕಲ್ಲ?"

ಆಮೇಲೆ ತಾವೇ ಧೋತರದ ಚುಂಗನ್ನು ತಲೆ ಮೇಲೆ ಹೊದ್ದು ಅಂಗಳದ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದರು. ಸುಳ್ಳು ಯಾಕೆ ಹೇಳಲಿ, ಹೊಟ್ಟೆಕಿಚ್ಚಾಗುವಷ್ಟು ಚೆಂದ. ಅಷ್ಟರಲ್ಲಿ ಬಾಗಿಲಲ್ಲಿ ಬಳೆಗಾರ ಬಂದು ನಿಂತಿದ್ದ. ಮಾಸ್ತರ ಬೆನ್ನನ್ನು ಒಂದು ಗಳಿಗೆ ನೋಡಿ, ನನ್ನ ಕಡೆ ತಿರುಗಿ, "ಏ ತಂಗೀ, ನಿಮ್ಮಕ್ಕನ ಕೈ ಅಳತಿ ಎಷ್ಟವಾ?" ಎಂದು ಕೇಳಿದ.

ರಾಣಿ ಎಲ್ಲಿ?

ರಾಯಚೂರಿನ ನನ್ನ ಮೊದಲ ಆಟದಲ್ಲಿ ನಾನು ರಾಣಿ. ಮರುದಿನ ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ಸೀರೆ ಒಗೆಯುತ್ತಿದ್ದಾಗ ಮೂವರು ಹೆಣ್ಣುಮಕ್ಕಳು ಬಂದರು.

"ರಾಣಿ ಪಾರ್ಟಿನಾಕಿ ಎಲ್ಲಿ? ನೋಡಾಕ ಬಂದೀವಿ."

"ನಾನೇ ರೀ."

ಮೂವರೂ ನಕ್ಕರು. "ಸುಳ್ಳ್ಯಾಕ ಹೇಳ್ತೀಬೇ? ಅಕಿ ಹಾಲಿನಂಗ ಬೆಳ್ಳಗದಾಳ."

ಸಾಕ್ಷಿಗೆಂದು ರಾಣಿಯ ಒಂದು ಮಾತನ್ನು ಪೂರ್ತಿ ಹೇಳಿ ತೋರಿಸಿದೆ. "ದಿನಾ ಕೇಳಿ ಕೇಳಿ ಕಲ್ತಾಳ, ಪಾಪ" ಎಂದಳು ಒಬ್ಬಳು. ನನಗೇ ಅನುಮಾನ ಬಂತು. ಜನ ಮೆಚ್ಚಿದ್ದು ನನ್ನನ್ನೋ, ಬಣ್ಣದ ಡಬ್ಬಿಯನ್ನೋ? ಒಳಗೆ ಹೋಗಿ ಮುಖಕ್ಕೆ ಬಣ್ಣ ಬಳಿದು, ಜರಿ ಸೀರೆ ಸುತ್ತಿಕೊಂಡು ಹೊರಗೆ ಬಂದೆ. ಮೂವರೂ ಎದ್ದು ಕೈ ಮುಗಿದರು. ಹಿರಿಯಳು ನನ್ನ ಗಲ್ಲ ಹಿಡಿದು, ಕಿವಿಯಲ್ಲಿ ಹೇಳಿದಳು:

"ಎಷ್ಟು ಚಂದ ಅದೀಯವ್ವಾ! ಆದ್ರ ಒಂದು ಮಾತು. ಬಾವಿ ಕಡಿ ಒಬ್ಬಾಕಿ ಅದಾಳ ನೋಡು, ನಾನೇ ರಾಣಿ ಅಂತ ಹೇಳ್ಕೋತ ಕುಂತಾಳ. ಅಕೀನ್ನ ಮೊದಲು ಕೆಲಸದಿಂದ ತೆಗಿ."

ಅತ್ತೆಯ ಗಂಡ

ದೇವದುರ್ಗದಲ್ಲಿ ಆಡಿದ್ದು ಅತ್ತೆ ಸೊಸೆಯ ನಾಟಕ. ಅತ್ತೆಯಾದ ಮಾಸ್ತರು ನನ್ನ ಜಡೆ ಹಿಡಿದು ಎಳೆದ ರೀತಿಗೆ ಹೆಂಗಸರ ಕಡೆಯಿಂದ ಶಾಪದ ಮಳೆಯೇ ಸುರಿಯಿತು.

ಮರುದಿನ ಗಬ್ಬೂರಿನ ಒಬ್ಬ ಅಜ್ಜಿ ಬಿಡಾರಕ್ಕೆ ಬಂದಳು. ಒಂದು ಕೈಯಲ್ಲಿ ನನಗೆಂದು ತಂದ ರೊಟ್ಟಿ ಗಂಟು, ಇನ್ನೊಂದರಲ್ಲಿ ಕಸಬರಿಗೆ. ಮಾಸ್ತರು ಕನ್ನಡಿ ಹಿಡಿದು ಗಡ್ಡ ಹೆರೆದುಕೊಳ್ಳುತ್ತಿದ್ದರು.

"ಆ ಹಾಳಾದ ಅತ್ತಿ ಎಲ್ಲಿ?"

ಕಸಬರಿಗೆ ಕಂಡ ಮಾಸ್ತರು ತಡವರಿಸಿದರು. "ಅಕಿ... ಊರಿಗೆ ಹೋದ್ಲು ಯವ್ವಾ."

"ನೀ ಯಾರು?"

"ನಾ... ಅಕಿ ಗಂಡ."

ಅಜ್ಜಿಯ ಕೈಯಿಂದ ಕಸಬರಿಗೆ ಜಾರಿತು. ಸೋಪಿನ ನೊರೆ ಮೆತ್ತಿದ ಅವರ ಮುಖವನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು. "ಅಯ್ಯ ನನ್ನಪ್ಪಾ! ಅಂಥಾಕಿ ಜೋಡಿ ಹೆಂಗ ಬಾಳ್ವಿ ಮಾಡ್ತೀಯೋ?" ಎಂದು, ನನಗೆ ತಂದ ರೊಟ್ಟಿ ಗಂಟನ್ನು ಅವರ ಮಡಿಲಿಗೇ ಹಾಕಿದಳು.

ಮಾಸ್ತರ ಕಣ್ಣೂ ಒದ್ದೆಯಾಯಿತು. "ಏನ್ ಮಾಡ್ಲಿ ಯವ್ವಾ, ಅಕೀನ್ನ ಬಿಡಾಕ ಬರಂಗಿಲ್ಲ. ನನ್ನ ಹೊಟ್ಟಿಗೆ ಹಾಕಾಕಿ ಅಕೀನೇ."

ಹೊತ್ತಿದ ರೊಟ್ಟಿ

ಮಾನವಿಗೆ ಬರುವ ಹೊತ್ತಿಗೆ ನನ್ನ ತಿಂಗಳು ಮುಗಿಯುತ್ತ ಬಂದಿತ್ತು. ಅಲ್ಲಿ ನಾನು ಬಡವನ ಹೆಂಡತಿ. ಮೊದಲ ಆಟದಲ್ಲಿ ಹಿಟ್ಟಿಲ್ಲದೆ, ಬರೇ ಕೈಯಿಂದ ರೊಟ್ಟಿ ಬಡಿದಂತೆ ನಟಿಸಿದೆ. ಹೆಂಗಸರು ಮುಸಿಮುಸಿ ನಕ್ಕರು. "ಇಕಿ ಒಲಿ ಮುಂದ ಕುಂತಾಕಿ ಅಲ್ಲ" ಎಂಬ ಮಾತು ಮಾಲೀಕರ ಕಿವಿಗೂ ಬಿತ್ತು.

"ನಾಳಿ ಮಧ್ಯಾಹ್ನ ಬರೇ ಹೆಣ್ಮಕ್ಕಳ ಆಟ," ಎಂದರು ಅವರು. "ಖರೇ ಒಲಿ, ಖರೇ ಹಿಟ್ಟು. ಇದೇ ಕಡೀ ಪರೀಕ್ಷಾ."

ನನಗೆ ರೊಟ್ಟಿ ಬರುತ್ತಿರಲಿಲ್ಲ. ಮಾಸ್ತರೇ ಬೆಳಗಿನಿಂದ ಕೂತು ಕಲಿಸಿದರು. ನನ್ನಿಂದ ಪಾತ್ರ ಕಳೆದುಕೊಂಡ ಮನುಷ್ಯ ಅದು ನನಗೇ ಉಳಿಯಲೆಂದು ಯಾಕೆ ಬೆವರು ಸುರಿಸಿದರೋ, ಇವತ್ತಿಗೂ ಅರ್ಥವಾಗಿಲ್ಲ.

ರಂಗದ ಮೇಲೆ ಜೋಳದ ರೊಟ್ಟಿ ಬಡಿದು ಹಂಚಿಗೆ ಹಾಕಿದೆ. ಎಲ್ಲರ ಕಣ್ಣೂ ಹಂಚಿನ ಮೇಲೆಯೇ ಇತ್ತು. ಆಗಲೇ ಗಂಡ ತೂರಾಡುತ್ತ ಬಂದು ಬಿದ್ದ. ನಾಟಕದ ಪ್ರಕಾರ ಅವನು ನನ್ನ ತೊಡೆಯ ಮೇಲೆ ಪ್ರಾಣ ಬಿಡಬೇಕು, ನಾನು ಅಳಬೇಕು. ಅವನು ಬಿಟ್ಟ, ನಾನು ಅಳತೊಡಗಿದೆ.

"ನನ್ನ ಬಿಟ್ಟು ಹೋದ್ರೇನ್ರೀ..."

"ತಿರುವಿ ಹಾಕಬೇ, ರೊಟ್ಟಿ ಹೊತ್ತಾಕತ್ತದ!" ಎಂದಿತು ಮುಂದಿನ ಸಾಲಿನ ಒಂದು ದನಿ.

ಅಳು ಜೋರು ಮಾಡಿದೆ. ಅವರ ಕೂಗೂ ಜೋರಾಯಿತು. ಸಭೆಯ ಬದಿಗೆ ಕಟ್ಟಿದ್ದ ಗೋಷಾ ಪರದೆಯ ಹಿಂದೆ ಕೂತಿದ್ದ ಸಾಹೇಬರ ಮನೆಯ ಹೆಂಗಸರು "ರೋಟಿ ಜಲ್ ರೈ, ಪಲ್ಟಾ!" ಎಂದು ತಮ್ಮ ಮಾತಿನಲ್ಲಿ ಅದನ್ನೇ ಕೂಗಿದರು. ಒಂದು ಪಕ್ಕದಲ್ಲಿ ಮಾಲೀಕರು ಅಳು, ಅಳು ಎಂದು ಸನ್ನೆ ಮಾಡುತ್ತಾರೆ. ಇನ್ನೊಂದು ಪಕ್ಕದಲ್ಲಿ ಮಾಸ್ತರು ತಿರುವು, ತಿರುವು ಎಂದು ಅಂಗೈ ಮಗುಚುತ್ತಾರೆ. ಹಂಚು ಕೈಗೆ ಎಟುಕದು. ತೊಡೆಯ ಮೇಲೆ ಹೆಣ. ಹೊಗೆ ಏಳುತ್ತಿದೆ.

ಹೆಣಕ್ಕೆ ಕೆಮ್ಮು ಬಂತು. ಅದು ಕಣ್ಣು ಮುಚ್ಚಿಕೊಂಡೇ ಎದ್ದು ಕೂತು, "ಮೊದಲು ಅದನ್ನ ತಿರುವಿ ಹಾಕು ಮಾರಾಯ್ತಿ, ನಾ ಎಲ್ಲೂ ಹೋಗಂಗಿಲ್ಲ" ಎಂದಿತು.

ಓಡಿ ಹೋಗಿ ತಿರುವಿ ಹಾಕಿದೆ. ವಾಪಸು ಬಂದು ಕೂತೆ. ಅವನು ಮತ್ತೆ ಮಲಗಿ, ಮತ್ತೆ ಸತ್ತ. ಚಪ್ಪಾಳೆಗೆ ತಗಡಿನ ಮಾಡು ಗಡಗಡ ಎಂದಿತು.

ಆಟ ಮುಗಿದ ಮೇಲೆ, ನನ್ನ ಕತೆ ಇಲ್ಲಿಗೆ ಮುಗಿಯಿತು ಎಂದುಕೊಂಡು ಪರದೆಯ ಹಿಂದೆ ನಿಂತಿದ್ದೆ. ಹೆಂಗಸರು ಮಾಲೀಕರನ್ನು ಮುತ್ತಿದ್ದರು. ಒಬ್ಬ ಹಿರಿಯಾಕೆ ಹೇಳುತ್ತಿದ್ದಳು:

"ಇಕೀನ್ನ ಮಾತ್ರ ಬಿಡಬ್ಯಾಡ್ರೀ ಮಾಲೀಕರ. ಗಂಡ ಸತ್ತು ಬಿದ್ರೂ ರೊಟ್ಟಿ ಕರಕಾಗಾಕ ಬಿಡ್ಲಿಲ್ಲ. ಎಷ್ಟು ವರ್ಷ ಸಂಸಾರ ಮಾಡ್ಯಾಳೋ ಏನೋ!"