ಕನ್ನಡದಿಂದ ಕನ್ನಡಕ್ಕೆ ನಮ್ಮ ಮಾವ

ಕನ್ನಡವನ್ನು ಕನ್ನಡಕ್ಕೇ ಅನುವಾದ ಮಾಡಿ ನಾಲ್ಕು ತಾಲ್ಲೂಕುಗಳಲ್ಲಿ ಹೆಸರು ಮಾಡಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರ ಮನೆಗೇ ಸೊಸೆಯಾಗಿ ಹೋದವಳು! ನನ್ನ ಮಾವ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯ ಹಳ್ಳಿಗಳಲ್ಲಿ ಕ್ರಿಸ್ತನ ಮಾತು ಹೇಳುತ್ತ ತಿರುಗುವ ಉಪದೇಶಿ. ಆಗ ದೊಡ್ಡ ಯುದ್ಧ ನಡೆದಿತ್ತು. ಸೀಮೆಎಣ್ಣೆಗೆ ಪರದಾಟ, ಮಾತಿಗೆ ಮಾತ್ರ ಬರವಿರಲಿಲ್ಲ.

ನಮ್ಮ ಪಾದ್ರಿಗಳು ಸಮುದ್ರ ದಾಟಿ ಬಂದವರು. ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. "ಓ ಪ್ರಿಯ ಜನರೇ, ಕರ್ತನ ಸನ್ನಿಧಿಯಲ್ಲಿ ಶರಣಾಗತರಾಗಿರಿ" ಎಂದು ಅವರು ಅಂದರೆ ಹಂಸಭಾವಿಯ ಮಂದಿ ಆಕಾಶ ನೋಡುತ್ತಿದ್ದರು. ಆಗ ಪಕ್ಕದಲ್ಲಿ ನಿಂತ ಮಾವ ಗಂಟಲು ಸರಿ ಮಾಡಿಕೊಂಡು, "ದೇವರ ಮುಂದ ಬಂದು ಸುಮ್ಮ ಕುಂದರ್ರಿ, ಉಳದದ್ದು ಆಂವ ನೋಡಕೋತಾನ, ಅಂತಾರ್ರಿ" ಎಂದು ಶುರು ಮಾಡಿ, ಎತ್ತಿನ ಕಾಲುಬೇನೆಯಿಂದ ಅತ್ತೆ-ಸೊಸೆ ಜಗಳದವರೆಗೆ ಹೋಗಿ ಬರುತ್ತಿದ್ದರು. ಸವಣೂರಿನಲ್ಲಿ ಅವರಿಗೊಬ್ಬ ಗೆಳೆಯರಿದ್ದರು, ವೀಳ್ಯದೆಲೆ ಮಾರುವ ಸಾಹೇಬರು. ಅವರು ಒಮ್ಮೆ ಕೇಳಿಯೇಬಿಟ್ಟರು:

"ಉಪದೇಶ್ಯಾರ, ಪಾದ್ರಿಗೋಳು ಅಂದದ್ದು ಮೂರ ಮಾತು, ನೀವು ಮುನ್ನೂರ ಹೇಳಿದ್ರಿ. ಉಳದದ್ದು ಎಲ್ಲಿಂದ ಬಂತು?"

"ಎಲಿ ಅವರದ್ರಿ ಸಾಹೇಬ್ರ, ಅಡಕಿ ಸುಣ್ಣ ನಂದು!"

ಇನ್ನು ಅವರ ಸೈಕಲ್ಲಿನ ಕಥೆ. ನಡೆದು ನಡೆದು ಸಾಯುತ್ತಾರೆಂದು ಪಾದ್ರಿಗಳು ಒಂದು ಸೈಕಲ್ ಕೊಟ್ಟರು. ಮಾವ ಅದನ್ನು ಹತ್ತಿದ್ದನ್ನು ಕಂಡವರಿಲ್ಲ! ದುಂಡಸಿಯವರೆಗೂ ದೂಡಿಕೊಂಡೇ ಹೋಗುವುದು, ದಾರಿಯುದ್ದಕ್ಕೂ ಗಂಟೆ ಬಾರಿಸುವುದು. ಬೇರೆಯವರನ್ನೂ ಕೂರಿಸುತ್ತಿರಲಿಲ್ಲ, ಟಾಯರ್ ಸವೆಯುತ್ತದಂತೆ. ಹತ್ತಬಾರದೇ ಎಂದರೆ, "ಮ್ಯಾಲೆ ಕುಂತು ಓಡಿಸಿದ್ರ ದಾರ್‍ಯಾಗ ಸಿಕ್ಕವರ ಜೋಡಿ ಮಾತಾಡೂದು ಹ್ಯಾಂಗ?" ಎನ್ನುತ್ತಿದ್ದರು. ನಗಬೇಡಿ. ಆ ಗಂಟೆ ಕೇಳಿ ಹೊಲದಿಂದ ರಸ್ತೆಗೆ ಬಂದವರೇ ಮುಂದೆ ನಮ್ಮ ಪ್ರಾರ್ಥನೆಯಲ್ಲಿ ಬಂದು ಕೂತರು. ಪಾದ್ರಿಗಳ ಭಾಷಣ ಕೇಳಿ ಬಂದವರನ್ನು ಒಂದು ಕೈಯಲ್ಲಿ ಎಣಿಸಬಹುದಿತ್ತು.

ನಾನು ಧಾರವಾಡದಲ್ಲಿ ಏಳನೆಯ ಇಯತ್ತೆ ಮುಗಿಸಿದವಳು. ವ್ಯಾಕರಣವೆಂದರೆ ನನಗೆ ಬಲು ಹೆಮ್ಮೆ, ಸ್ವಲ್ಪ ಸೊಕ್ಕು ಅಂತಲೂ ಅನ್ನಿ. ಹೆಂಗಸರಿಗೆ ಹಾಡು ಕಲಿಸಲೆಂದು ಮಾವನ ಜೊತೆ ದುಂಡಸಿಯ ಊರ ಹೊರಗಿನ ಓಣಿಗೆ ಹೋದ ದಿನವೇ ಅವರ ತಪ್ಪು ಹಿಡಿದೆ. ಪಾದ್ರಿಗಳು ಕೈ ಎತ್ತಿ, "ನೀವೆಲ್ಲರೂ ಪಾಪಿಗಳು!" ಎಂದು ಗುಡುಗಿದರು. ಮಾವ ಮೆತ್ತಗೆ ಹೇಳಿದ್ದೇನು ಗೊತ್ತೇ? "ನೀವೆಲ್ಲಾ ಪಾಪ, ಅಂತಾರ್ರಿ. ನಿಮ್ಮನ್ನ ನೋಡಿ ದೇವರಿಗೇ ಪಾಪ ಅನಿಸೇತಂತ."

‘ಪಿ’ಯ ಗುಡಿಸೊಂದು ಹೋಗಿ ಧರ್ಮವೇ ತಿರುವುಮುರುವು! ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಮಾವ ಇಲ್ಲದಾಗ ಪಾದ್ರಿಗಳ ಮುಂದೆ ಜಾಣತನ ತೋರಿಸಲು ಹೋಗಿ ಬಾಯಿಬಿಟ್ಟೆ. ಅವರ ಮುಖ ಬಿಳುಚಿತು. ಅಷ್ಟೂ ಹಳ್ಳಿಗಳಿಗೆ ಮಾವ ಕಲಿಸಿದ್ದು ಅದನ್ನೇ! ಮೇಲಿನವರಿಗೆ ಕಾಗದ ಹೋಯಿತು. ದೊಡ್ಡ ಪಾದ್ರಿಗಳು ಬಂದು ದುಂಡಸಿಯವರನ್ನು ಪರೀಕ್ಷೆ ಮಾಡುತ್ತಾರೆ, ಉತ್ತರ ತಪ್ಪಿದರೆ ಓಣಿಯವರಿಗೆ ಕ್ರೈಸ್ತರಾಗುವ ಜ್ಞಾನಸ್ನಾನವಿಲ್ಲ, ಮಾವನಿಗೆ ಉಪದೇಶದ ಕೆಲಸವಿಲ್ಲ ಎಂದು ಉತ್ತರ ಬಂತು. ಯಾರು ಹೇಳಿದರೆಂದು ಮಾವ ಕೇಳಲಿಲ್ಲ. ನಾನೇ ಎಂದು ಹೇಳಲು ನನಗೂ ಧೈರ್ಯ ಬರಲಿಲ್ಲ.

ಆ ದಿನ ಉರಿಬಿಸಿಲು. ದೊಡ್ಡ ಪಾದ್ರಿಗಳು ಮುಂದೆ ಕೂತಿದ್ದ ಮುದುಕಿಯನ್ನೇ ಕೇಳಿದರು: "ತಾಯೀ, ನೀನು ಪಾಪಿಯೆಂದು ಒಪ್ಪಿಕೊಳ್ಳುತ್ತೀಯಾ?"

ಮುದುಕಿ ಅವರ ಬೆವರಿಳಿಯುವ ಮುಖವನ್ನೇ ನೋಡಿದಳು. "ನಾವೂ ಪಾಪರೀ, ನೀವೂ ಪಾಪ! ಇಂಥಾ ಬಿಸಲಾಗ ಎಷ್ಟ ದೂರದಿಂದ ಬಂದೀರಿ. ಮದ್ಲ ನೀರ ಕುಡೀರಿ."

ಮುದುಕಿ ನೀರಿನ ತಂಬಿಗೆ ಮುಂದೆ ಚಾಚಿದಳು. ಆ ಓಣಿಯ ತಂಬಿಗೆಯನ್ನು ಊರಿನವರು ಯಾರೂ ಮುಟ್ಟುತ್ತಿರಲಿಲ್ಲ. ದೊಡ್ಡ ಪಾದ್ರಿಗಳು ತಂಬಿಗೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ತಳ ಕಾಣುವವರೆಗೆ ಕುಡಿದರು. ಆಮೇಲೆ ಕೇಳಿದರು: "ಇದನ್ನು ಕಲಿಸಿದವರು ಯಾರು?"

ಮಾವ ಹೆಗಲ ಚೀಲ ಕೆಳಗಿಟ್ಟು ಎದ್ದು ನಿಂತರು. "ನಾನರಿ. ತಪ್ಪ ಆಗಿದ್ರ ನಂದು, ಈ ಮಂದೀದಲ್ಲ."

"ವ್ಯಾಕರಣ ತಪ್ಪಾಗಿದೆ," ಎಂದರು ದೊಡ್ಡ ಪಾದ್ರಿಗಳು, ಬಾಯಿ ಒರೆಸಿಕೊಳ್ಳುತ್ತ. "ಉಪದೇಶ ಸರಿಯಾಗಿದೆ. ಭಾನುವಾರ ಎಲ್ಲರಿಗೂ ಜ್ಞಾನಸ್ನಾನ."

ಓಣಿಗೆ ಓಣಿಯೇ ಎದ್ದು ಕುಣಿಯಿತು. ನನ್ನ ಎದೆ ಮಾತ್ರ ಭಾರವಾಗಿಯೇ ಇತ್ತು. ಊರಿಗೆ ಮರಳುವಾಗ ದಾರಿಯಲ್ಲಿ ತಡೆಯಲಾಗದೆ ಕೇಳಿದೆ: "ಮಾವಾರ, ಪಾಪಿ ಅನ್ನೂದಕ್ಕೂ ಪಾಪ ಅನ್ನೂದಕ್ಕೂ ಫರಕು ನಿಮಗ ಗೊತ್ತಿದ್ದಿಲ್ಲೇನ್ರಿ?"

ಮಾವ ಗಂಟೆ ಬಾರಿಸುವುದನ್ನು ನಿಲ್ಲಿಸಿದರು. "ಗೊತ್ತಿತ್ತ ಯವ್ವಾ. ನಾನೂ ಅಂಥಾ ಓಣ್ಯಾಗನ ಹುಟ್ಟಿದಾಂವ. ನಮಗ ಪಾಪಿ ಅನ್ನಾಕ ಊರಾಗ ಮಂದಿ ಭಾಳ ಇದ್ರು. ಅಷ್ಟ ಹೇಳಾಕ ನಾನ್ಯಾಕ ಇಷ್ಟ ದೂರ ನಡೀಬೇಕು?"

ನಾನು ಅಲ್ಲಿಯೇ ನಿಂತುಬಿಟ್ಟೆ. ನಾಲ್ಕು ತಾಲ್ಲೂಕುಗಳಲ್ಲಿ ಹುಡುಕಿದರೂ ಇಂಥ ಮಾವ ಸಿಗುವುದಿಲ್ಲ ಎಂಬ ಅಭಿಮಾನ ಒಂದು ಕಡೆ, ಇಂಥವರ ಮೇಲೆ ಚಾಡಿ ಹೇಳಿದೆನಲ್ಲ ಎಂಬ ಸಂಕಟ ಇನ್ನೊಂದು ಕಡೆ. "ಪಾದ್ರಿಗಳಿಗೆ ಹೇಳಿದಾಕಿ ನಾನರಿ ಮಾವಾರ," ಅಂದೆ. ಅಳು ಬಂತು.

ಬೈಯುತ್ತಾರೆಂದು ತಲೆ ತಗ್ಗಿಸಿ ಕಾಯುತ್ತಿದ್ದೆ. ಮಾವ ಬೈಯಲಿಲ್ಲ. ಯಾರನ್ನೂ ಕೂರಿಸದ ಆ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ತಮ್ಮ ಹೆಗಲ ಮೇಲಿನ ವಲ್ಲಿಯನ್ನು ಮಡಚಿ ಹಾಸಿದರು.

"ಪಾಪ," ಎಂದರು, "ಇಷ್ಟ ದಿನಾ ಇದನ್ನ ಹೊತಗೊಂಡ ತಿರಗಾಡಾಕತ್ತೀಯಲ್ಲ. ಕುಂದರು."

ನಾನು ಕೂತೆ. ಮಾವ ದೂಡುತ್ತ ನಡೆದರು.